ಕ್ಯಾಸೆಟ್ ಕೊಟ್ಟೆ, ತಂಬೂರಿ ಕಳ್ಕೊಂಡೆ: ಒಂದು ಕ್ಯಾಸೆಟ್ ಟು ಪೆನ್‌ಡ್ರೈವ್ ಅಂಗಡಿಯ ರಿವ್ಯೂ, 5ಕ್ಕೆ 3

ಮೊದ್ಲೇ ಹೇಳ್ಬಿಡ್ತೀನಿ, ಅಂಗಡಿ ಹೆಸ್ರು ಹಾಕಲ್ಲ. ಮೂರನೇ ಸಲಕ್ಕೆ ಅವ್ರು ಸರಿಯಾಗೇ ಮಾಡ್ಕೊಟ್ರು, ದುಡ್ಡೂ ಜಾಸ್ತಿ ಕೇಳ್ಲಿಲ್ಲ, ಹಾಗಾಗಿ ಹೆಸ್ರು ಹಿಡ್ದು ಬಯ್ಯೋಕೆ ಮನಸ್ಸು ಬರ್ತಿಲ್ಲ. ಬೆಂಗಳೂರಿನ ದಕ್ಷಿಣದ ಕಡೆ ಒಂದು ಸಣ್ಣ ಅಂಗಡಿ, ಮುಂದ್ಗಡೆ ಜೆರಾಕ್ಸ್, ಪಾಸ್‌ಪೋರ್ಟ್ ಫೋಟೋ, ಲ್ಯಾಮಿನೇಷನ್, ಒಳಗಡೆ ಒಂದು ಮೂಲೇಲಿ ಹಳೇ ಮದ್ವೆ ವಿಡಿಯೋ ಕ್ಯಾಸೆಟ್ ಪೆನ್‌ಡ್ರೈವ್‌ಗೆ ಹಾಕೋ ಕೆಲ್ಸ, ಜೊತೆಗೆ ಆಡಿಯೋ ಕ್ಯಾಸೆಟ್ಟೂ ಹಾಕ್ಕೊಡ್ತಾರೆ. ಕ್ಯಾಸೆಟ್ ಒಂದಕ್ಕೆ 200 ರೂಪಾಯಿ. ನಾನು ತಗೊಂಡು ಹೋಗಿದ್ದು 24 ಕ್ಯಾಸೆಟ್, ಎಲ್ಲಾ 90 ನಿಮಿಷದ್ದು.

ಈ ಕ್ಯಾಸೆಟ್‌ಗಳ ಕಥೆ ಸ್ವಲ್ಪ ಹೇಳ್ಬೇಕು, ಇಲ್ದಿದ್ರೆ ನನ್ನ ಸಿಟ್ಟು ಅರ್ಥ ಆಗಲ್ಲ. ಅಂಗಡೀಲಿ ಕೊಂಡಿರೋ ಕ್ಯಾಸೆಟ್ ಒಂದೂ ಇಲ್ಲ. ಎಲ್ಲಾ ಅಪ್ಪ ರೆಕಾರ್ಡ್ ಮಾಡ್ಕೊಂಡಿದ್ದು. ಎಂಬತ್ತರ ದಶಕದಲ್ಲಿ ಶನಿವಾರ ರಾತ್ರಿ 9:30ಕ್ಕೆ ಆಕಾಶವಾಣಿ ರಾಷ್ಟ್ರೀಯ ಸಂಗೀತ ಕಾರ್ಯಕ್ರಮ ಬರೋದಲ್ಲ, ಅದಕ್ಕೆ ಅಪ್ಪ 9:20ಕ್ಕೇ ಟೂ ಇನ್ ಒನ್ (ರೇಡಿಯೋ, ಟೇಪ್‌ರೆಕಾರ್ಡರ್ ಎರಡೂ ಇರೋ ಸೆಟ್) ಮುಂದೆ ಕೂತು, ಮೀಡಿಯಂ ವೇವ್ 612ಕ್ಕೆ ಮುಳ್ಳು ತಿರುಗಿಸಿ, ಪ್ಲೇ ಮತ್ತೆ ರೆಕಾರ್ಡ್ ಎರಡೂ ಬಟನ್ ಮೇಲೆ ಬೆರಳಿಟ್ಕೊಂಡು ಕಾಯ್ತಿದ್ರು. ಆ ಒಂದೂವರೆ ಗಂಟೆ ಮನೇಲಿ ಯಾರೂ ಲೈಟ್ ಸ್ವಿಚ್ ಮುಟ್ಟೋ ಹಾಗಿಲ್ಲ. ಯಾಕಂದ್ರೆ ಮೀಡಿಯಂ ವೇವಲ್ಲಿ ಟ್ಯೂಬ್‌ಲೈಟ್ ಹಾಕಿದ್ರೂ ಟೇಪಲ್ಲಿ "ಟಪ್" ಅಂತ ಬೀಳತ್ತೆ. ನಾನು ಬಚ್ಚಲುಮನೆ ಲೈಟ್ ಹಾಕಿದ "ಟಪ್" ಒಂದು ಈಗ್ಲೂ ಇದೆ, ಅದೂ ತೋಡಿ ಆಲಾಪನೆ ಮಧ್ಯೆ, ಬೈಸ್ಕೊಂಡಿದ್ದೂ ನೆನಪಿದೆ. ಇನ್ನು ಏಳೆಂಟು ಕ್ಯಾಸೆಟ್ ಚಾಮರಾಜಪೇಟೆ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಕಚೇರಿಗಳದ್ದು, ಅದೇ ಟೂ ಇನ್ ಒನ್ ಹೊತ್ಕೊಂಡು ಹೋಗಿ ಸ್ಪೀಕರ್ ಹತ್ರ ಮಡಿಲಲ್ಲಿ ಇಟ್ಕೊಂಡು ಮಾಡಿದ್ದು. ಅದರಲ್ಲಿ ಪಕ್ಕದೋರು ಕೆಮ್ಮೋದು, ಮಗು ಅಳೋದು, ಚಪ್ಪಾಳೆ, ಎಲ್ಲಾ ಇದೆ.

ಸರಿ, ನಾಲ್ಕು ದಿನ ಬಿಟ್ಟು ಅಂಗಡಿ ಹುಡುಗ ಫೋನ್ ಮಾಡಿ "ಸರ್ ರೆಡಿ, ಒಂದು ಸ್ಯಾಂಪಲ್ ವಾಟ್ಸಾಪ್ ಮಾಡಿದೀನಿ ಕೇಳಿ" ಅಂದ. ಕೇಳಿದ್ರೆ ಬಾವಿ ಒಳಗಿಂದ ಯಾರೋ ಹಾಡಿದ ಹಾಗಿದೆ. ಆಮೇಲೆ ಗೊತ್ತಾಯ್ತು, ಕಂಪ್ಯೂಟರ್ ಸ್ಪೀಕರ್ ಮುಂದೆ ಮೊಬೈಲ್ ಹಿಡ್ದು ವಾಯ್ಸ್ ನೋಟ್ ಕಳ್ಸಿದಾನೆ ಪುಣ್ಯಾತ್ಮ. ವಾಯ್ಸ್ ನೋಟ್ ಇರೋದು ಮಾತಾಡೋಕೆ, ಬಹಳ ಕಡಿಮೆ ಬಿಟ್‌ರೇಟಲ್ಲಿ ಹಿಂಡಿ ಕಳ್ಸತ್ತೆ, ಅದರಲ್ಲಿ ಸಂಗೀತ ಕೇಳಿ ತೀರ್ಪು ಕೊಡೋದು ತಪ್ಪು. ಹಾಡಿನ ಸ್ಯಾಂಪಲ್ ಯಾರಿಗಾದ್ರೂ ಕಳ್ಸೋದಿದ್ರೆ ಡಾಕ್ಯುಮೆಂಟ್ ಅಂತ ಅಟ್ಯಾಚ್ ಮಾಡಿ, ಫೈಲ್ ಇದ್ದ ಹಾಗೇ ಹೋಗತ್ತೆ. ಸರಿ ಬಿಡು ಅಂತ ಹೋಗಿ 4,800 ಕೊಟ್ಟು ಪೆನ್‌ಡ್ರೈವ್ ತಂದೆ.

ಪೆನ್‌ಡ್ರೈವಲ್ಲಿ 48 ಫೈಲು, ಒಟ್ಟು ಎರಡು ಜಿಬಿ ಅಷ್ಟೆ. ಎಲ್ಲಾ 128 ಕೆಬಿಪಿಎಸ್ ಎಂಪಿ3, ಅಂದ್ರೆ ಒಂದು ಸೆಕೆಂಡ್ ಸದ್ದಿಗೆ 128 ಸಾವಿರ ಬಿಟ್, ಈ ಸಂಖ್ಯೆ ಕಮ್ಮಿ ಆದಷ್ಟೂ ಹಿಂಡಿದ್ದು ಜಾಸ್ತಿ. ನನಗೆ ಆಗ್ಲೇ ಮೂಗು ಮುರಿಯೋ ಹಾಗಾಯ್ತು, ಆದ್ರೆ ಅಪ್ಪಂಗೆ 79 ವರ್ಷ, ಎರಡೂ ಕಿವಿಗೆ ಮಷೀನು, ಇವ್ರಿಗೆ 128 ಆದ್ರೇನು 320 ಆದ್ರೇನು ಅಂತ ಅಂದ್ಕೊಂಡು ಸ್ಪೀಕರ್‌ಗೆ ಹಾಕಿ ಪಕ್ಕದಲ್ಲಿ ಕೂತೆ. ಎರಡು ನಿಮಿಷ ಕೇಳಿರ್ಬೋದು. "ಲೋ, ಹಾಡೋರು ಉಸಿರು ತಗೊಂಡಾಗೆಲ್ಲಾ ತಂಬೂರಿನೂ ನಿಂತು ಹೋಗ್ತಿದೆಯಲ್ಲೋ, ಅದ್ಯಾವನು ಮೀಟ್ತಿರೋದು?" ಅಂದ್ರು.

ನಾನು ಮತ್ತೆ ಹಾಕಿ ಕೇಳಿದೆ. ಹೌದು! ಗಾಯಕರು ಹಾಡ್ತಿರೋವಾಗ ಹಿಂದೆ ಶ್ರುತಿ ಇದೆ, ಅವ್ರು ನಿಲ್ಲಿಸಿದ ತಕ್ಷಣ ಶ್ರುತಿ ಮಾಯ, ಹತ್ತಿ ಇಟ್ಟ ಹಾಗೆ ಮೌನ, ಮತ್ತೆ ಹಾಡಿದ್ರೆ ಮತ್ತೆ ಶ್ರುತಿ ಎದ್ದು ಬರತ್ತೆ. ಇದೇನು ದೆವ್ವದ ಚೇಷ್ಟೆ ಅಂತ ಮಾರನೇ ದಿನ ಅಂಗಡಿಗೆ ಹೋಗಿ ಹುಡುಗನ್ನ ಕೂರಿಸ್ಕೊಂಡು ಏನು ಮಾಡಿದ್ಯಪ್ಪ ತೋರ್ಸು ಅಂದೆ. ಪಾಪ ಬಚ್ಚಿಡದೆ ತೋರ್ಸಿದ, ಅವನ ಪ್ರಕಾರ ಅವನು ಎಕ್ಸ್‌ಟ್ರಾ ಸರ್ವಿಸ್ ಕೊಟ್ಟಿದ್ದ. ಟೇಪಿನ "ಸ್ಸ್ಸ್" ಸದ್ದು ತೆಗೆಯೋಕೆ ನಾಯ್ಸ್ ರಿಡಕ್ಷನ್ ಹಾಕಿದಾನೆ. ಅದು ಕೆಲ್ಸ ಮಾಡೋ ರೀತಿ ಹೇಗಂದ್ರೆ, ಬರೀ ಗಲಾಟೆ ಮಾತ್ರ ಇರೋ ಒಂದೆರಡು ಸೆಕೆಂಡ್ ಆರಿಸಿ ಸಾಫ್ಟ್‌ವೇರ್‌ಗೆ "ನೋಡು, ಇದು ಕಸ" ಅಂತ ತೋರಿಸ್ಬೇಕು, ಆಮೇಲೆ ಅದು ಇಡೀ ರೆಕಾರ್ಡಿಂಗಲ್ಲಿ ಆ ಥರದ್ದು ಎಲ್ಲಿದ್ರೂ ಅಳಿಸ್ತಾ ಹೋಗತ್ತೆ. ಹುಡುಗ ಆರಿಸಿದ್ದು ಶುರುವಿನ ಎರಡು ಸೆಕೆಂಡು. ಹಾಡು ಶುರುವಾಗೋ ಮುಂಚೆ ಏನಿರತ್ತೆ ನಮ್ಮ ಕಚೇರೀಲಿ? ತಂಬೂರಿ! "ಸರ್ ಅದು ಜುಂಯ್ ಅಂತ ಒಂದೇ ಸಮ ಬರ್ತಿತ್ತು, ನಾನು ಕರೆಂಟ್ ಹಮ್ ಅಂದ್ಕೊಂಡೆ" ಅಂದ. ನಗ್ಬೇಕೋ ಅಳ್ಬೇಕೋ ಗೊತ್ತಾಗ್ಲಿಲ್ಲ ಗುರು. ತಪ್ಪು ಪೂರ್ತಿ ಅವನದ್ದೂ ಅಲ್ಲ, ಒಂದೇ ಸಮ ಇರೋದು ಗಲಾಟೆ, ಬದಲಾಗ್ತಾ ಇರೋದು ಸಂಗೀತ ಅನ್ನೋ ಲೆಕ್ಕದ ಮೇಲೇ ಅಂಥ ಸಾಫ್ಟ್‌ವೇರ್ ನಿಂತಿರೋದು, ಆ ಲೆಕ್ಕ ತಂಬೂರಿಗೆ ಹೊಂದಲ್ಲ.

ಅಷ್ಟಕ್ಕೇ ನಿಲ್ಲಿಸಿಲ್ಲ. ಅದರ ಮೇಲೆ ಕಂಪ್ರೆಸರ್ ಹಾಕಿದಾನೆ. ಇಲ್ಲಿ ಒಂದು ಗೊಂದಲ ಬಿಡಿಸ್ಬೇಕು, ಏಕಂದ್ರೆ ಕಂಪ್ರೆಷನ್ ಅನ್ನೋ ಒಂದೇ ಪದ ಎರಡು ಬೇರೆ ಬೇರೆ ಕೆಲಸಕ್ಕೆ ಇದೆ. ಒಂದು ಫೈಲ್ ಸೈಜ್ ಹಿಂಡೋದು, ಎಂಪಿ3 ಥರ. ಇನ್ನೊಂದು ಸೌಂಡ್ ಲೆವೆಲ್ ಹಿಂಡೋದು, ಅಂದ್ರೆ ಸಣ್ಣ ಸದ್ದನ್ನ ಎತ್ತಿ, ದೊಡ್ಡ ಸದ್ದನ್ನ ತಟ್ಟಿ, ಎಲ್ಲಾ ಒಂದೇ ಎತ್ತರಕ್ಕೆ ತರೋದು. ಫೈಲ್ ಸೈಜಿಗೂ ಇದಕ್ಕೂ ಸಂಬಂಧ ಇಲ್ಲ. ಸಿನಿಮಾ ಹಾಡಿಗೆ, ರಾಕ್ ಮ್ಯೂಸಿಕ್‌ಗೆ ತೊಂಬತ್ತರ ದಶಕದಿಂದ ಜೋರಾಗಿ ಕೇಳ್ಲಿ ಅಂತ ಇದನ್ನ ಪೈಪೋಟಿ ಮೇಲೆ ಹಾಕಿ ಹಾಕಿ, ವೇವ್‌ಫಾರ್ಮ್ ನೋಡಿದ್ರೆ ಇಟ್ಟಿಗೆ ಥರ ಕಾಣ್ಸತ್ತೆ. ಕಚೇರಿಗೆ ಹಾಕಿದ್ರೆ ಏನಾಗತ್ತೆ ಅಂದ್ರೆ, ಆಲಾಪನೆ ಶುರೂಲಿ ಗುನುಗೋ ಹಾಗಿರೋ ಮಂದ್ರದ ಷಡ್ಜ ಎಷ್ಟು ಜೋರೋ, ಅರ್ಧ ಗಂಟೆ ಹತ್ತಿ ತಾರಸ್ಥಾಯಿ ಮುಟ್ಟಿದಾಗಿನ ಸ್ವರನೂ ಅಷ್ಟೇ ಜೋರು. ಹತ್ತಿದ್ದೇ ಗೊತ್ತಾಗಲ್ಲ. ತನಿ ಆವರ್ತನದಲ್ಲಿ, ಅಂದ್ರೆ ಮೃದಂಗದೋರು ಒಬ್ರೇ ನುಡಿಸೋವಾಗ, ಬೆರಳ ತುದೀಲಿ ಸವರಿದ್ದೂ ಮುಕ್ತಾಯಕ್ಕೆ ಬಾರಿಸಿದ್ದೂ ಒಂದೇ ಲೆವೆಲ್.

ನ್ಯಾಯವಾಗಿ ಒಂದು ಮಾತು ಹೇಳ್ಬೇಕು, ಈ ಲೆವೆಲ್ ಹಿಂಡೋ ಕೆಲ್ಸ ಅಪ್ಪನ ಟೂ ಇನ್ ಒನ್ ಆಗ್ಲೇ ಮಾಡಿತ್ತು. ಅಂಥ ಸೆಟ್‌ಗಳಲ್ಲಿ ರೆಕಾರ್ಡಿಂಗ್ ಲೆವೆಲ್ ತಾನಾಗೇ ಅಡ್ಜಸ್ಟ್ ಆಗತ್ತೆ, ಮೃದಂಗದ ಏಟು ಬಿದ್ದ ತಕ್ಷಣ ಉಳಿದಿದ್ದೆಲ್ಲಾ ಒಂದು ಕ್ಷಣ ಕುಗ್ಗಿ ಮತ್ತೆ ನಿಧಾನಕ್ಕೆ ಏಳತ್ತೆ. ಅದಕ್ಕೂ ಮುಂಚೆ ರೇಡಿಯೋ ಸ್ಟೇಷನ್ನಲ್ಲೂ ಲಿಮಿಟರ್ ಇರತ್ತೆ, ಸದ್ದು ಒಂದು ಮಿತಿ ದಾಟದ ಹಾಗೆ ತಡೆಯೋದು. ಅಂದ್ರೆ ಅಂಗಡಿಯವನದ್ದು ಮೂರನೇ ಇಸ್ತ್ರಿ. ಎರಡು ಸಲ ಇಸ್ತ್ರಿ ಆಗಿರೋ ಬಟ್ಟೆ ಮೇಲೆ ಮೂರನೇದು ಹಾಕಿ ಸುಟ್ಟ ಹಾಗೆ.

ಹಂಗಾದ್ರೆ ಎಂಪಿ3 ತಪ್ಪೇ ಇಲ್ವಾ ಅಂತ ಕೇಳ್ಬೋದು. ಇದೆ, ಬರ್ತೀನಿ. "ಏನೂ ಕ್ಲೀನ್ ಮಾಡ್ಬೇಡ, ಕಂಪ್ರೆಸರ್ ಬೇಡ, ಟೇಪಲ್ಲಿ ಏನಿದೆಯೋ ಹಾಗೇ ವೇವ್ ಫೈಲ್ ಕೊಡು" ಅಂದೆ. ವೇವ್ ಅಂದ್ರೆ ಹಿಂಡದೇ ಇರೋ ಫೈಲು. ಆಯ್ತು ಸರ್ ಅಂದ. ಒಂದೇ ದಿನದಲ್ಲಿ ಫೋನ್ ಬಂತು, ರೆಡಿ ಅಂತ. ನನಗೆ ಅಲ್ಲೇ ಡೌಟ್ ಬರ್ಬೇಕಿತ್ತು, 24 ಕ್ಯಾಸೆಟ್ ಅಂದ್ರೆ 36 ಗಂಟೆ ಟೇಪು, ಟೇಪ್ ಓಡೋ ಸ್ಪೀಡಲ್ಲೇ ಓಡ್ಬೇಕು, ಒಂದು ದಿನದಲ್ಲಿ ಹೇಗೆ ಮುಗಿಯತ್ತೆ? ಪೆನ್‌ಡ್ರೈವಲ್ಲಿ 23 ಜಿಬಿ ಇತ್ತು, ಸಿಡಿ ಕ್ವಾಲಿಟಿ ಅಂದ್ರೆ ಸೆಕೆಂಡಿಗೆ ಸದ್ದಿನ 44,100 ಅಳತೆ, ಒಂದೊಂದೂ 16 ಬಿಟ್, ಎರಡು ಚಾನೆಲ್, ಸೇರಿ 1,411 ಕೆಬಿಪಿಎಸ್, ಲೆಕ್ಕ ಸರಿಯಾಗೇ ಇದೆ. ತಂಬೂರಿನೂ ವಾಪಸ್ ಬಂದಿತ್ತು. ಆದ್ರೆ ಅದರ ಮೇಲ್ಗಡೆ ಏನೋ ಗುಳುಗುಳು. ನಲ್ಲಿ ಕೆಳಗೆ ಬಿಂದಿಗೆ ತುಂಬೋ ಸದ್ದನ್ನ ದೂರದಿಂದ ಕೇಳಿದ ಹಾಗೆ. ಚಪ್ಪಾಳೆ ಬಂದಾಗಂತೂ ಚಪ್ಪಾಳೆ ಅನ್ನಿಸಲ್ಲ, ಎಣ್ಣೇಲಿ ಹಪ್ಪಳ ಕರಿದ ಹಾಗಿದೆ.

ಆಗ ಸ್ಪೆಕ್ ಅನ್ನೋ ಫ್ರೀ ಸಾಫ್ಟ್‌ವೇರಿಗೆ ಫೈಲ್ ಎಳೆದು ಹಾಕಿದೆ. ಅದು ಸದ್ದಿನ ಚಿತ್ರ ಬಿಡಿಸಿ ತೋರ್ಸತ್ತೆ, ಕೆಳಗೆ ಮಂದ್ರ, ಮೇಲೆ ಹೋದ ಹಾಗೆ ಕೀರಲು. ಟೇಪಿನ ಹಿಸ್ ಅನ್ನೋದು ಮೇಲಕ್ಕೆ ಹೋಗ್ತಾ ಹೋಗ್ತಾ ಮಂಜಿನ ಥರ ತೆಳುವಾಗಿ 20 ಕಿಲೋಹರ್ಟ್ಸ್ ತನಕ ಹರಡಿರತ್ತೆ, ಅದೆಲ್ಲೂ ಗೆರೆ ಎಳೆದ ಹಾಗೆ ನಿಲ್ಲಲ್ಲ. ಇಲ್ಲಿ 16 ಕಿಲೋಹರ್ಟ್ಸ್ ಹತ್ರ ಕತ್ತರಿ ಹಾಕಿದ ಹಾಗೆ ಕಟ್, ಮೇಲೆ ಪೂರ್ತಿ ಕಪ್ಪು. 48 ಫೈಲಲ್ಲೂ ಅದೇ. 128ರ ಎಂಪಿ3ಯ ಮಾಮೂಲಿ ಗುರುತು ಅದು. ಅಂದ್ರೆ ಇವ್ರು ಟೇಪ್ ಮತ್ತೆ ಓಡ್ಸೇ ಇಲ್ಲ, ಮೊದ್ಲು ಕಂಪ್ಯೂಟರ್‌ಗೆ ತಗೊಂಡಿದ್ದೇ 128 ಎಂಪಿ3 ಆಗಿ, ಆ ಫೈಲ್‌ಗಳನ್ನ ವೇವ್ ಅಂತ ಕನ್ವರ್ಟ್ ಮಾಡಿ ಕೊಟ್ಟಿದಾರೆ. ನೀರು ಹಾಕಿದ ಹಾಲನ್ನ ದೊಡ್ಡ ಕ್ಯಾನಿಗೆ ಸುರಿದ್ರೆ ಗಟ್ಟಿ ಹಾಲಾಗತ್ತಾ? ಮೊದಲನೇ ಸಲ ಕೊಟ್ಟಿದ್ದು ಇನ್ನೂ ಮಜಾ, ಈ ಎಂಪಿ3ಯನ್ನೇ ಕ್ಲೀನ್ ಮಾಡಿ ಮತ್ತೆ ಎಂಪಿ3 ಮಾಡಿದ್ದು, ಎರಡೆರಡು ಸಲ ಹಿಂಡಿದ್ದು.

ಆ ಗುಳುಗುಳು ಎಲ್ಲಿಂದ ಬರತ್ತೆ ಅಂದ್ರೆ, ಎಂಪಿ3 ನಿಂತಿರೋದೇ ನಮ್ಮ ಕಿವಿಯ ದೌರ್ಬಲ್ಯದ ಮೇಲೆ. ಅಡುಗೆಮನೇಲಿ ಮಿಕ್ಸಿ ಓಡ್ತಿರೋವಾಗ ನಲ್ಲಿ ತೊಟ್ಟಿಕ್ಕೋದು ಕೇಳಲ್ಲ ಅಲ್ವಾ, ಹಾಗೆ ದೊಡ್ಡ ಸದ್ದಿನ ಮರೇಲಿ ಮುಚ್ಚಿ ಹೋಗೋ ಸಣ್ಣ ಸದ್ದನ್ನ ಬರೆದಿಡದೇ ಬಿಟ್ರೆ ಯಾರಿಗೂ ಗೊತ್ತಾಗಲ್ಲ ಅನ್ನೋ ಲೆಕ್ಕ. ಸಂಗೀತನ ಸಣ್ಣ ಸಣ್ಣ ತುಂಡು ಮಾಡಿ, ಒಂದೊಂದು ತುಂಡೂ ಸುಮಾರು 26 ಮಿಲಿಸೆಕೆಂಡು, ಪ್ರತಿ ತುಂಡಲ್ಲೂ ಯಾವ ಸ್ವರದ ಪಟ್ಟಿಗೆ ಎಷ್ಟು ಬಿಟ್ ಕೊಡ್ಬೇಕು ಅಂತ ಹಂಚತ್ತೆ. ಬಜೆಟ್ ಸಾಕಾಗ್ಲಿಲ್ಲ ಅಂದ್ರೆ ಮೇಲಿನ ಪಟ್ಟಿಗಳನ್ನ ಈ ತುಂಡಲ್ಲಿ ಬಿಡು, ಮುಂದಿನದ್ರಲ್ಲಿ ಹಾಕು, ಮತ್ತೆ ಬಿಡು, ಹೀಗೆ. ಆ ಆನ್ ಆಫ್ ಆನ್ ಆಫ್ ನಮಗೆ ನೀರಿನ ಸದ್ದಾಗಿ ಕೇಳತ್ತೆ. ಈಗ ತಂಬೂರಿ ನೋಡಿ, ತಂತಿ ಕೆಳಗೆ ಇಡೋ ಜೀವಾಳದ ದಾರ ಸರಿಯಾಗಿ ಕೂತಿದ್ರೆ ಒಂದು ತಂತಿ ಮೀಟಿದ್ರೆ ಮೇಲಿನ ಸ್ವರಗಳು ಒಂದಾದ ಮೇಲೊಂದು ಬಿಚ್ಕೊಳ್ತಾ ಬರತ್ತೆ, ಅದು ಸಣ್ಣ ಸದ್ದು, ಆದ್ರೆ ಅದೇ ಅಲ್ವಾ ತಂಬೂರಿ ಅಂದ್ರೆ. ಅದಕ್ಕೆ ಮೊದ್ಲು ಕತ್ತರಿ ಬೀಳೋದು.

ಮೃದಂಗದ್ದು ಬೇರೆ ಸಮಸ್ಯೆ. ಚಾಪು ಅನ್ನೋ ಏಟು ಬೀಳೋ ತುಂಡಲ್ಲಿ ಹಿಂಡಿದ್ರಿಂದ ಆಗೋ ಗಲೀಜು ಸದ್ದು ಆ ತುಂಡಿಗೆಲ್ಲಾ ಹರಡ್ಕೊಳತ್ತೆ, ಏಟಿಗಿಂತ ಮುಂಚೆನೂ ಇರತ್ತೆ. ಏಟು ಆದ್ಮೇಲಿನ ಗಲೀಜು ಕಿವಿಗೆ ಗೊತ್ತಾಗಲ್ಲ, ಏಟಿನ ಗುಂಗಲ್ಲೇ ಮುಚ್ಚಿ ಹೋಗತ್ತೆ, ಮುಂಚಿನದು ಮಾತ್ರ ಸಿಕ್ಕಿ ಬೀಳತ್ತೆ. "ತಾ" ಅನ್ನೋ ಬದ್ಲು "ಫ್ತಾ" ಅಂತ ಬರತ್ತೆ. ಹೆಡ್‌ಫೋನಲ್ಲಿ ಒಂದು ಸಲ ಹಿಡಿದ್ರೆ ಆಮೇಲೆ ಬೇಡ ಅಂದ್ರೂ ಕೇಳ್ಸತ್ತೆ, ಅದೊಂದು ಶಾಪ.

ಎಂಪಿ3 ಕಂಡುಹಿಡಿದೋರು ದಡ್ಡರಲ್ಲ ಮತ್ತೆ. ಜರ್ಮನಿಯ ಎರ್ಲಾಂಗೆನ್ನಲ್ಲಿ ಫ್ರೌನ್‌ಹೋಫರ್ ಸಂಸ್ಥೆಯಲ್ಲಿ ಕಾರ್ಲ್‌ಹೈನ್ಸ್ ಬ್ರಾಂಡೆನ್‌ಬುರ್ಗ್ ಅವ್ರ ತಂಡ ಇದನ್ನ ತಿದ್ದಿ ತೀಡ್ತಿದ್ದಾಗ ಸುಝಾನ್ ವೇಗಾ ಅನ್ನೋ ಗಾಯಕಿ ಯಾವ ವಾದ್ಯನೂ ಇಲ್ದೆ ಬರೀ ಗಂಟಲಲ್ಲಿ ಹಾಡಿರೋ ಒಂದು ಹಾಡನ್ನ ಪದೇ ಪದೇ ಹಿಂಡಿ ಕೇಳಿ ಸರಿ ಮಾಡ್ಕೊಂಡ್ರು. ದೊಡ್ಡ ವಾದ್ಯಮೇಳ ಇದ್ರೆ ತಪ್ಪು ಅಡಗಿಸ್ಬೋದು, ಒಂಟಿ ಗಂಟಲಿನ ಹಿಂದೆ ಅಡಗೋಕೆ ಜಾಗ ಎಲ್ಲಿ? ಗಂಟಲು, ಒಂದು ಪಿಟೀಲು, ಒಂದು ತಂಬೂರಿ, ನಮ್ಮ ಕಚೇರಿನೂ ಹೆಚ್ಚು ಕಮ್ಮಿ ಅದೇ ಥರ ಬೋಳು ಬೋಳು.

ಸ್ಪೆಕ್‌ನ ಚಿತ್ರ ಪ್ರಿಂಟ್ ಹಾಕ್ಸ್ಕೊಂಡು (ಅದೇ ಅಂಗಡೀಲೇ, ಕಲರ್ ಪ್ರಿಂಟ್ 10 ರೂಪಾಯಿ) ಕೌಂಟರ್ ಮೇಲಿಟ್ಟೆ. ಹುಡುಗ ವಾದಕ್ಕೆ ನಿಂತ. "ಸರ್, ಮೀಡಿಯಂ ವೇವ್ ರೇಡಿಯೋಲಿ 5 ಕಿಲೋಹರ್ಟ್ಸ್ ಮೇಲೆ ಏನೂ ಬರಲ್ಲ, ಮೇಲಿರೋದೆಲ್ಲಾ ಟೇಪಿನ ಹಿಸ್ಸು, ಅದನ್ನ ಉಳಿಸ್ಕೊಂಡು ಏನು ಮಾಡ್ತೀರಾ?" ಒಳ್ಳೇ ಪ್ರಶ್ನೆ, ಒಪ್ಕೊಂಡೆ. ಆದ್ರೆ ಹಿಸ್ಸಿಗೆ ಒಂದು ಗುಣ ಇದೆ, ಅದಕ್ಕೆ ತಲೆ ಬುಡ ಇಲ್ಲ, ಮುಂದಿನ ಕ್ಷಣ ಹೇಗಿರತ್ತೆ ಅಂತ ಊಹೆ ಮಾಡೋಕೆ ಆಗಲ್ಲ, ಊಹೆ ಮಾಡೋಕೆ ಆಗ್ದಿರೋದನ್ನ ಹಿಂಡೋದೂ ಕಷ್ಟ. ಹಾಗಾಗಿ ಎಂಪಿ3ಯ ಬಿಟ್ ಬಜೆಟ್ಟೆಲ್ಲಾ ಆ ಹಿಸ್ಸೇ ತಿಂದು ತೇಗತ್ತೆ, ಸಂಗೀತಕ್ಕೆ ಉಳಿಯೋದು ಚೂರುಪಾರು. ಸ್ಟುಡಿಯೋದ ಸ್ವಚ್ಛ ರೆಕಾರ್ಡಿಂಗ್ 128ರಲ್ಲಿ ತಕ್ಕಮಟ್ಟಿಗೆ ಚೆನ್ನಾಗೇ ಕೇಳತ್ತೆ, ಹಳೇ ಕ್ಯಾಸೆಟ್ಟಿಗೇ ಜಾಸ್ತಿ ಬಿಟ್ ಬೇಕಾಗೋದು. ಹಳೇದಲ್ವಾ, ಕಮ್ಮಿ ಸಾಕು ಅನ್ನೋದು ಪೂರ್ತಿ ಉಲ್ಟಾ.

ಈ ಗಲಾಟೆ ಕೇಳಿ ಒಳಗಿಂದ ಹುಡುಗನ ತಾತ ಬಂದ್ರು. ಇವ್ರಿಗೋಸ್ಕರನೇ ನಾನು 3 ಸ್ಟಾರ್ ಕೊಡ್ತಿರೋದು. ಒಂದು ಕಾಲದಲ್ಲಿ ರೇಡಿಯೋ, ಟೇಪ್‌ರೆಕಾರ್ಡರ್ ರಿಪೇರಿ ಮಾಡ್ತಿದ್ದೋರಂತೆ. ಪ್ರಿಂಟ್ ಕಡೆ ನೋಡ್ಲೂ ಇಲ್ಲ. ಹೆಡ್‌ಫೋನ್ ಹಾಕ್ಕೊಂಡು ಒಂದು ನಿಮಿಷ ಕೇಳಿ, "ಹೆಡ್ ವಾರೆ ಇದೆ ಕಣೋ" ಅಂತ ಮೊಮ್ಮಗನಿಗೆ ಬೈದು (ಹೆಡ್ ಅಂದ್ರೆ ಟೇಪಿಗೆ ತಾಗಿ ಸದ್ದು ಓದೋ ಭಾಗ), ಡೆಕ್ಕಿನ ಮುಚ್ಚಳ ತೆಗೆದು, ಸ್ಪಿರಿಟಲ್ಲಿ ಹತ್ತಿ ಅದ್ದಿ ಹೆಡ್ ಒರೆಸಿದ್ರು, ಹತ್ತಿ ಪೂರ್ತಿ ಕಂದು ಬಣ್ಣ. ಆಮೇಲೆ ವಾಚ್ ರಿಪೇರಿಯೋರ ಹತ್ರ ಇರೋವಂಥ ಸಣ್ಣ ಸ್ಕ್ರೂಡ್ರೈವರ್ ತಗೊಂಡು ಟೇಪ್ ಓಡ್ತಿರೋವಾಗ್ಲೇ ಹೆಡ್ ಪಕ್ಕದ ಸ್ಕ್ರೂನ ಕೂದಲೆಳೆಯಷ್ಟು ತಿರುಗಿಸ್ತಾ ಬಂದ್ರು. ಕಂಬಳಿ ಸರಿಸಿದ ಹಾಗೆ ಸದ್ದು ಬಿಚ್ಕೊಳ್ತು ನೋಡಿ! ಹಿಸ್ಸೂ ಜಾಸ್ತಿ ಆಯ್ತು, ಆದ್ರೆ ಪಿಟೀಲಿನ ಕಮಾನು ತಂತಿ ಮೇಲೆ ಉಜ್ಜೋದು ಕೇಳ್ಸೋಕೆ ಶುರುವಾಯ್ತು. "ರೆಕಾರ್ಡ್ ಆದ ಸೆಟ್ಟಿನ ಹೆಡ್ ಯಾವ ಕೋನದಲ್ಲಿತ್ತೋ ಅದೇ ಕೋನಕ್ಕೆ ತರ್ಬೇಕು ಸ್ವಾಮಿ, ಕಂಪ್ಯೂಟರಲ್ಲಿ ಆಮೇಲೆ ಏನು ತಿರುಗಿಸಿದ್ರೂ ಬರಲ್ಲ" ಅಂದ್ರು ಯಜಮಾನ್ರು. ಇನ್ನೊಂದು ಉಪಾಯನೂ ಅವ್ರೇ ಹೇಳಿದ್ದು, ಅಪ್ಪನ ಸೆಟ್ ಮೋನೋ ಆದ್ರಿಂದ ಎರಡು ಚಾನೆಲಲ್ಲೂ ಸಂಗೀತ ಒಂದೇ, ಹಿಸ್ ಮಾತ್ರ ಬೇರೆ ಬೇರೆ, ಎರಡನ್ನೂ ಸೇರಿಸಿದ್ರೆ ಸಂಗೀತ ಗಟ್ಟಿಯಾಗಿ ಹಿಸ್ಸು ಅದರ ಹೋಲಿಕೇಲಿ 3 ಡೆಸಿಬೆಲ್ ಇಳಿಯತ್ತೆ. ಯಾವ ನಾಯ್ಸ್ ರಿಡಕ್ಷನ್ನೂ ಬೇಡ. ಆದ್ರೆ ಹೆಡ್ ನೆಟ್ಟಗಿದ್ರೆ ಮಾತ್ರ, ವಾರೆ ಇದ್ದಾಗ ಸೇರಿಸಿದ್ರೆ ಕೀರಲು ಸ್ವರಗಳೆಲ್ಲಾ ಒಂದಕ್ಕೊಂದು ಹೊಡ್ಕೊಂಡು ಸಾಯತ್ತೆ.

ಹನ್ನೊಂದು ದಿನ ತಗೊಂಡ್ರು ಮೂರನೇ ಸಲಕ್ಕೆ. ಸ್ಪೆಕ್‌ಗೆ ಹಾಕಿ ನೋಡಿದೆ, ಮಂಜು ಮೇಲಿನವರೆಗೂ ಇದೆ. ನಾನು ಮನೇಲಿ ಎಲ್ಲನೂ ಫ್ಲ್ಯಾಕ್ ಮಾಡಿಟ್ಕೊಂಡೆ, ಅದು ಜಿಪ್ ಥರ, ಜಾಗ ಉಳಿಸತ್ತೆ, ಆದ್ರೆ ಬಿಚ್ಚಿದ್ರೆ ಒಂದು ಬಿಟ್ಟೂ ಹೆಚ್ಚುಕಮ್ಮಿ ಇಲ್ದೆ ವಾಪಸ್ ಬರತ್ತೆ.

ಈಗ ನನ್ನ ಜಂಭ ಇಳಿದ ಕಥೆ. ಅಸಲಿ ಫೈಲ್ ಸಿಕ್ತಲ್ಲ, ಅದರಿಂದ ನಾನೇ ಲೇಮ್ ಅನ್ನೋ ಎಂಪಿ3 ಮಾಡೋ ಸಾಫ್ಟ್‌ವೇರಲ್ಲಿ 128, 192, 320 ಮೂರೂ ಮಾಡಿ, ಫೂಬಾರ್ ಅನ್ನೋ ಪ್ಲೇಯರ್‌ನಲ್ಲಿ ಯಾವುದು ಯಾವುದು ಅಂತ ಗೊತ್ತಾಗ್ದಿರೋ ಹಾಗೆ ಪರೀಕ್ಷೆ ಇಟ್ಕೊಂಡೆ, ಒಂದೊಂದಕ್ಕೂ 16 ಸಲ. ಕೋಟೆ ಹೈಸ್ಕೂಲ್ ಚಪ್ಪಾಳೆ 128ರಲ್ಲಿ 14 ಸಲ ಸರಿಯಾಗಿ ಹಿಡಿದೆ. ತಂಬೂರಿ 13. ಆಹಾ ನನ್ನ ಕಿವಿಯೇ ಅಂತ ಬೀಗಿ 192ಕ್ಕೆ ಬಂದ್ರೆ 10. 320ಕ್ಕೆ 8, ಅಂದ್ರೆ ಕಣ್ಮುಚ್ಚಿ ನಾಣ್ಯ ಹಾರಿಸಿದ್ರೂ ಅಷ್ಟೇ ಬರೋದು. ಮೂರು ಸಾವಿರದ ಹೆಡ್‌ಫೋನು, 46 ವರ್ಷದ ಕಿವಿ, ಇಷ್ಟೇ ನನ್ನ ಯೋಗ್ಯತೆ. ಸ್ಟ್ರೀಮಿಂಗಲ್ಲಿ ಲಾಸ್‌ಲೆಸ್ (ಫ್ಲ್ಯಾಕ್ ಥರ ಏನೂ ಕಳ್ಕೊಳ್ದೇ ಇರೋದು) ಬಂದಿದೆ ಅಂತ ಕುಣಿದಾಡಿ, ಅದನ್ನ ಬ್ಲೂಟೂತ್ ಇಯರ್‌ಬಡ್ಡಲ್ಲಿ ಕೇಳೋ ಗೆಳೆಯರಿಗೂ ಒಂದು ಮಾತು, ಬ್ಲೂಟೂತಿನ ಮಾಮೂಲಿ ಹಿಂಡೋ ವಿಧಾನ, ಎಸ್‌ಬಿಸಿ ಕೋಡೆಕ್, ಹೆಚ್ಚೂಕಮ್ಮಿ 328 ಕೆಬಿಪಿಎಸ್‌ಗೆ ದಾರೀಲೇ ಮತ್ತೆ ಹಿಂಡತ್ತೆ, ನಿಮ್ಮ ಲಾಸ್‌ಲೆಸ್ ಫೋನಿಂದ ಆಚೆ ಬರೋದೇ ಇಲ್ಲ. ವೈರ್ ಹಾಕಿ ಕೇಳಿ, ಇಲ್ಲಾ ಸುಮ್ನಿರಿ.

ಹಾಗಾದ್ರೆ ವೇವ್, ಫ್ಲ್ಯಾಕ್ ಅಂತ ಅಷ್ಟು ಜಗಳ ಯಾಕೆ ಆಡಿದೆ ಅಂದ್ರೆ, ಅಂಗಡೀಲಿ ಒಂದು ಸಲ ತಗೊಳ್ಳೋ ಕಾಪಿಯಿಂದಲೇ ಮುಂದೆ ಎಲ್ಲಾ ಹುಟ್ಟೋದು. ಅದೇ 128 ಆಗಿದ್ರೆ ನಾಳೆ ತಂಗಿಗೆ ಕಳ್ಸೋ ಕಾಪಿ, ಕಾರಿಗೆ ಹಾಕೋ ಕಾಪಿ, ಎಲ್ಲಾ ಹಿಂಡಿದ್ದನ್ನ ಮತ್ತೆ ಹಿಂಡಿದ್ದೇ. ಅಸಲಿ ಇದ್ರೆ ಅಪ್ಪನ ಸ್ಪೀಕರ್‌ಗೆ ಆರಾಮಾಗಿ 192 ಎಂಪಿ3 ಮಾಡ್ಕೊಡ್ಬೋದು, ಹಾಗೇ ಮಾಡ್ಕೊಟ್ಟೆ ಕೂಡ. ಅಪ್ಪ ಕೇಳಿ ಏನೂ ಅನ್ಲಿಲ್ಲ, ತಾಳ ಹಾಕ್ತಾ ಕೂತ್ರು. ಅವ್ರಿಗೆ 16 ಕಿಲೋಹರ್ಟ್ಸ್ ಇರ್ಲಿ, ಅದರ ಅರ್ಧನೂ ಕೇಳ್ಸಲ್ಲ, ಆದ್ರೂ ತಂಬೂರಿ ನಿಂತಿದ್ದನ್ನ ಮನೇಲಿ ಮೊದ್ಲು ಹಿಡಿದೋರು ಅವ್ರೇ. ನನ್ನ ಲೆಕ್ಕದಲ್ಲಿ ಆ ಮೊದಲ ಪೆನ್‌ಡ್ರೈವ್ ಹಾಳಾಗಿದ್ದು ಮೊದ್ಲು ನಾಯ್ಸ್ ರಿಡಕ್ಷನ್ನಿಂದ, ಆಮೇಲೆ ಕಂಪ್ರೆಸರಿಂದ, ಆಮೇಲೆ ವಾರೆ ಹೆಡ್ಡಿಂದ, ಎಲ್ಲಾ ಆದ್ಮೇಲೆ ಎಂಪಿ3ಯಿಂದ. ಎಲ್ಲರೂ ಬಯ್ಯೋದು ಮಾತ್ರ ಎಂಪಿ3ಯನ್ನ.

ಹೋಗೋರಿಗೆ ಹೇಳೋದು ಇಷ್ಟು. ಕೊಡೋವಾಗ್ಲೇ "ರೆಕಾರ್ಡ್ ಮಾಡೋದೇ ವೇವಲ್ಲಿ ಮಾಡಿ, ಕ್ಲೀನಿಂಗ್ ಬೇಡ, ಕಂಪ್ರೆಸರ್ ಬೇಡ" ಅಂತ ಚೀಟೀಲಿ ಬರೆದು ಕ್ಯಾಸೆಟ್ ಕವರಿಗೆ ಅಂಟಿಸಿ ಕೊಡಿ, ಬಾಯಲ್ಲಿ ಹೇಳಿದ್ರೆ ನಡೆಯಲ್ಲ. ಒಂದೇ ಕ್ಯಾಸೆಟ್ ಕೊಟ್ಟು ನೋಡಿ ಆಮೇಲೆ ಉಳಿದಿದ್ದು ಕೊಡಿ. ಬೆಳಿಗ್ಗೆ 11ರ ಒಳಗೆ ಹೋದ್ರೆ ತಾತ ಇರ್ತಾರೆ, ಮಧ್ಯಾಹ್ನದ ಮೇಲೆ ಬರೀ ಹುಡುಗ. ಪಾರ್ಕಿಂಗ್ ಇಲ್ಲ. 200 ರೂಪಾಯಿ ರೇಟು ಜಾಸ್ತಿ ಅಲ್ಲ, ಒಂದು ಕ್ಯಾಸೆಟ್ ಒಂದೂವರೆ ಗಂಟೆ ಓಡ್ಬೇಕಲ್ಲ.

ಇನ್ನೂ ಒಂದು ಕ್ಯಾಸೆಟ್ ಬಾಕಿ ಇದೆ, 25ನೇದು, ಅಮ್ಮನ ಬೀರೂಲಿ ಸೀರೆ ಮಧ್ಯೆ ಸಿಕ್ತು. ಟೇಪನ್ನ ಹೆಡ್ಡಿಗೆ ಒತ್ತೋ ಆ ಸಣ್ಣ ಸ್ಪಂಜಿನ ಪ್ಯಾಡ್ ಕಿತ್ತು ಬಿದ್ದಿದೆ, ಮೇಲೆ ಅಪ್ಪನ ಅಕ್ಷರದಲ್ಲಿ "ಕಲ್ಯಾಣಿ, ಅರ್ಧ" ಅಂತಷ್ಟೇ ಇದೆ. ತಾತ ಬೇರೆ ಕ್ಯಾಸೆಟ್ಟಿಂದ ಪ್ಯಾಡ್ ತೆಗೆದು ಹಾಕ್ತೀನಿ, ಸೋಮವಾರ ಬೆಳಿಗ್ಗೆ ಬನ್ನಿ ಅಂದಿದ್ದಾರೆ.